ಜಾನ್ ವೆಸ್ಲಿ: ಲೀಡ್ಸ್‌ನಿಂದ ಮೈಸೂರಿನವರೆಗೆ

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಸಂಘದ ಹುಟ್ಟುಹಬ್ಬದ ದಿನ ಇಂಗ್ಲೆಂಡಿನ ಪಾದ್ರಿಯೊಬ್ಬನ ವಿಷಯ ಮಾತನಾಡುತ್ತೇನೆ ಎಂದಾಗ ಕಾರ್ಯದರ್ಶಿಗಳು ಒಂದು ಕ್ಷಣ ಸುಮ್ಮನಾದರು. ಬಸವಣ್ಣನವರನ್ನು, ಪುರಂದರದಾಸರನ್ನು ಬಿಟ್ಟು ಈ ಜಾನ್ ವೆಸ್ಲಿ ಏಕೆ ಎಂಬ ಪ್ರಶ್ನೆ ಅವರ ಮುಖದ ಮೇಲೇ ಇತ್ತು. ಬರ್ಮಿಂಗ್‌ಹ್ಯಾಮ್, ಮ್ಯಾಂಚೆಸ್ಟರ್, ಲೀಡ್ಸ್ ಸುತ್ತಮುತ್ತ ವಾಸಿಸುವ ನಾವು ದಿನವೂ ಆತನ ಪಂಥದ ಚಾಪೆಲ್‌ಗಳ ಮುಂದೆಯೇ ಓಡಾಡುತ್ತೇವೆ. ಅದೇ ಪಂಥ ನಮ್ಮ ಮೈಸೂರು ಸೀಮೆಗೂ ಹೋಗಿ ಶಾಲೆ, ಮುದ್ರಣಾಲಯ, ಆಸ್ಪತ್ರೆ ಕಟ್ಟಿತು. ಮೈಸೂರಿನ ಮಿಷನ್ ಆಸ್ಪತ್ರೆಯಲ್ಲಿ ಹುಟ್ಟಿದವರು ಈ ಸಭೆಯಲ್ಲೇ ಒಬ್ಬಿಬ್ಬರು ಇದ್ದರೆ ಆಶ್ಚರ್ಯವಿಲ್ಲ.

ವೆಸ್ಲಿ ಹುಟ್ಟಿದ್ದು 1703ರಲ್ಲಿ, ಲಿಂಕನ್‌ಶೈರಿನ ಎಪ್‌ವರ್ತ್‌ನಲ್ಲಿ. ತಂದೆ ಊರಿನ ಪಾದ್ರಿ. ಹತ್ತೊಂಬತ್ತು ಮಕ್ಕಳಲ್ಲಿ ಈತ ಹದಿನೈದನೆಯವನು. ಐದು ವರ್ಷದ ಹುಡುಗನಾಗಿದ್ದಾಗ ಮನೆಗೆ ಬೆಂಕಿ ಬಿದ್ದು, ಕಿಟಕಿಯಿಂದ ಎತ್ತಿಕೊಂಡು ಉಳಿಸಿದರು. ಆಕ್ಸ್‌ಫರ್ಡಿನಲ್ಲಿ ಆತನೂ ತಮ್ಮ ಚಾರ್ಲ್ಸನೂ ಗೆಳೆಯರೂ ಪ್ರಾರ್ಥನೆ, ಉಪವಾಸ, ಸೆರೆಮನೆಯ ಭೇಟಿ ಎಲ್ಲವನ್ನೂ ಗಡಿಯಾರ ನೋಡಿಕೊಂಡು ಮಾಡುತ್ತಿದ್ದರು. ಇವರನ್ನು ಗೇಲಿ ಮಾಡಲು ಜೊತೆಯವರು ಇಟ್ಟ ಅಡ್ಡಹೆಸರೇ ‘ಮೆಥಡಿಸ್ಟ್’. ಆ ಹೆಸರೇ ನಿಂತಿತು.

ಆಂಗ್ಲಿಕನ್ ಚರ್ಚಿನ ದೀಕ್ಷೆ ಪಡೆದ ಈ ಪಾದ್ರಿಗೆ ಅನೇಕ ಚರ್ಚುಗಳು ಬಾಗಿಲು ಮುಚ್ಚಿದವು. 1739ರಲ್ಲಿ ಬ್ರಿಸ್ಟಲ್ಲಿನಲ್ಲಿ ಆತ ಬಯಲಿನಲ್ಲಿ ನಿಂತು ಬೋಧಿಸತೊಡಗಿದ. ಮಡಿವಂತ ಆಕ್ಸ್‌ಫರ್ಡ್ ಪಂಡಿತನಿಗೆ ಮೊದಮೊದಲು ಇದು ಅಸಹ್ಯವೆನಿಸಿತ್ತಂತೆ. ಆದರೆ ಗಣಿ ಕಾರ್ಮಿಕರು ಚರ್ಚಿಗೆ ಬರುವುದಿಲ್ಲವಾದರೆ ಬೋಧನೆಯೇ ಗಣಿಯ ಬಾಯಿಗೆ ಹೋಗಬೇಕು. ಅಣ್ಣ ಬೋಧಿಸಿದ, ತಮ್ಮ ಚಾರ್ಲ್ಸ್ ಸಾವಿರಾರು ಹಾಡು ಕಟ್ಟಿದ. ದೇವಸ್ಥಾನದ ಒಳಗಿನ ಮಾತನ್ನು ಆಡುಭಾಷೆಯಲ್ಲಿ ಹಾಡಿ ಬೀದಿಗೆ ತಂದ ನಮ್ಮ ಹರಿದಾಸರನ್ನು ನೆನೆದರೆ ಇದು ಸುಲಭವಾಗಿ ಅರ್ಥವಾಗುತ್ತದೆ. ತತ್ತ್ವ ಬೇರೆ, ದಾರಿ ಒಂದೇ. ಐವತ್ತು ವರ್ಷಗಳಲ್ಲಿ, ಹೆಚ್ಚಾಗಿ ಕುದುರೆಯ ಮೇಲೆ, ಆತ ಸುಮಾರು 2,50,000 ಮೈಲಿ ತಿರುಗಿದನೆಂದು ಲೆಕ್ಕ ಹಾಕುತ್ತಾರೆ. ಲಗಾಮು ಸಡಿಲ ಬಿಟ್ಟು, ಕುದುರೆಯ ಮೇಲೆ ಕುಳಿತೇ ಪುಸ್ತಕ ಓದುತ್ತಿದ್ದ. ಎಂ6 ರಸ್ತೆಯಲ್ಲಿ ನಾವು ಹಾಗೆ ಮಾಡುವಂತಿಲ್ಲ!

ಎಲ್ಲೆಡೆ ಹಾರ ತುರಾಯಿ ಸಿಗಲಿಲ್ಲ. 1743ರ ಅಕ್ಟೋಬರ್ 20ರಂದು ಬರ್ಮಿಂಗ್‌ಹ್ಯಾಮ್ ಬಳಿಯ ವೆನ್ಸ್‌ಬರಿಯಲ್ಲಿ ದೊಂಬಿ ಎದ್ದು, ಜನ ಆತನನ್ನು ಮಳೆಯಲ್ಲಿ ನ್ಯಾಯಾಧೀಶರ ಮನೆಗೆ ಎಳೆದೊಯ್ದರು. ಅವರು ಮಲಗಿದ್ದಾರೆಂದು ಉತ್ತರ ಬಂತು. ವಾಲ್ಸಾಲ್‌ನ ಇನ್ನೊಬ್ಬರ ಮನೆಗೆ ಹೋದರೆ ಅವರೂ ಮಲಗಿದ್ದರು. ಕೊನೆಗೆ ಗುಂಪಿನ ಮುಂದಾಳುಗಳಲ್ಲೇ ಒಬ್ಬ ಮನಸ್ಸು ಬದಲಿಸಿ, ಅಡ್ಡ ನಿಂತು ಆತನನ್ನು ಕಾಪಾಡಿದ.

ವೆಸ್ಲಿಯ ನಿಜವಾದ ಪ್ರತಿಭೆ ಭಾಷಣದಲ್ಲಿರಲಿಲ್ಲ, ಸಂಘಟನೆಯಲ್ಲಿತ್ತು ಎಂದು ನನ್ನ ಅಭಿಪ್ರಾಯ. 1742ರಲ್ಲಿ ಬ್ರಿಸ್ಟಲ್ಲಿನ ಕಟ್ಟಡದ ಸಾಲ ತೀರಿಸಲು ಒಂದು ಉಪಾಯ ಮಾಡಿದರು. ಸುಮಾರು ಹನ್ನೆರಡು ಜನರಿಗೊಬ್ಬ ಮುಖಂಡ. ಅವನು ವಾರಕ್ಕೊಮ್ಮೆ ಮನೆಮನೆಗೆ ಹೋಗಿ ತಲೆಗೊಂದು ಪೆನ್ನಿ ತರಬೇಕು. ಪೆನ್ನಿಗೆಂದು ಹೋದವನಿಗೆ ಆ ಮನೆಯ ಕಾಯಿಲೆ, ಜಗಳ, ಕುಡಿತ, ಹಸಿವು ಎಲ್ಲ ಕಣ್ಣಿಗೆ ಬಿತ್ತು. ಸಾಲ ವಸೂಲಿಗೆ ಹುಟ್ಟಿದ ಈ ‘ಕ್ಲಾಸ್’ ಪದ್ಧತಿಯೇ ಪಂಥದ ಬೆನ್ನೆಲುಬಾಯಿತು. ನಮ್ಮ ಖಜಾಂಚಿಗಳು ಇದನ್ನು ಗಮನಿಸಬೇಕಾಗಿ ವಿನಂತಿ.

ಮುಖಂಡರಾದವರು ಯಾರು? ಲೀಡ್ಸ್ ಬಳಿಯ ಬರ್ಸ್ಟಾಲಿನ ಜಾನ್ ನೆಲ್ಸನ್ ಕಲ್ಲುಕುಟಿಗ. ಅಲ್ಲೇ ಹತ್ತಿರದ ಮಾರ್ಲಿಯಲ್ಲಿ ಅನಾಥ ಮಕ್ಕಳನ್ನು ಸಾಕುತ್ತಿದ್ದ ಮೇರಿ ಬೊಸಾನ್ಕೆ ಎಂಬಾಕೆ, ಹೆಂಗಸರೂ ಏಕೆ ಬೋಧಿಸಬಾರದೆಂದು 1771ರಲ್ಲಿ ವೆಸ್ಲಿಗೆ ಪತ್ರ ಬರೆದಳು. ಆಕೆಗೆ ದೊರೆತ ಕರೆ ಅಸಾಧಾರಣವಾದದ್ದೆಂದು ವೆಸ್ಲಿ ಒಪ್ಪಿಕೊಂಡ. ಸ್ವಂತ ಮನೆಯ ವಿಷಯದಲ್ಲಿ ಮಾತ್ರ ಆತ ಅಷ್ಟು ಯಶಸ್ವಿಯಲ್ಲ. ಸದಾ ಊರೂರು ಸುತ್ತುವ ಗಂಡನನ್ನು ಹೆಂಡತಿ ಬಿಟ್ಟು ಹೋದಳು.

ಇನ್ನು ನನ್ನ ವೃತ್ತಿಗೆ ಹತ್ತಿರದ ಸಂಗತಿ. 1747ರಲ್ಲಿ ವೆಸ್ಲಿ ‘ಪ್ರಿಮಿಟಿವ್ ಫಿಸಿಕ್’ ಎಂಬ ಅಗ್ಗದ ವೈದ್ಯ ಪುಸ್ತಕ ಬರೆದ. ಅದಕ್ಕೆ ಹಿಂದಿನ ವರ್ಷವೇ ಲಂಡನ್ನಿನಲ್ಲಿ ಬಡವರಿಗೆ ಪುಕ್ಕಟೆ ಔಷಧಾಲಯ ತೆರೆದಿದ್ದ. ವೈದ್ಯರು ಕಠಿಣ ಶಬ್ದಗಳಿಂದ ವಿದ್ಯೆಯನ್ನು ಮುಚ್ಚಿಟ್ಟುಕೊಂಡಿದ್ದಾರೆಂಬುದು ಪೀಠಿಕೆಯಲ್ಲಿ ಆತನ ಆಕ್ಷೇಪ. ತಲೆ ಬೋಳಾದರೆ ಈರುಳ್ಳಿಯಿಂದ ಕೆಂಪಾಗುವವರೆಗೆ ಉಜ್ಜಿ, ಆಮೇಲೆ ಜೇನು ಹಚ್ಚಬೇಕಂತೆ. ನೆಗಡಿಗೆ ಕಿತ್ತಳೆ ಸಿಪ್ಪೆಯನ್ನು ತೆಳ್ಳಗೆ ಹೆರೆದು, ಸುರುಳಿ ಸುತ್ತಿ, ಎರಡೂ ಮೂಗಿನ ಹೊಳ್ಳೆಗೆ ತುರುಕಬೇಕು. ಇದನ್ನು ಓದಿದಾಗ ಊರಿನ ಅಜ್ಜಿಯರೇ ಕಣ್ಣ ಮುಂದೆ ಬಂದರು. ನನ್ನ ರೋಗಿಗಳಿಗೆ ಇವನ್ನು ಬರೆದುಕೊಡಲಾರೆ. ಆದರೆ ಅದೇ ಪುಸ್ತಕ ಹೇಳುವ ಮಿತಾಹಾರ, ನಡಿಗೆ, ಶುಚಿತ್ವ, ನಿದ್ರೆ ಇವನ್ನು ನಾನು ಈಗಲೂ ಹೇಳುತ್ತೇನೆ. ಕೇಳುವವರು ಆಗಿನಷ್ಟೇ ಕಡಿಮೆ.

ಗುಲಾಮಗಿರಿಯ ವಿರುದ್ಧ 1774ರಲ್ಲೇ ಪುಸ್ತಕ ಬರೆದ. ಸಾಯುವುದಕ್ಕೆ ಆರು ದಿನ ಮುಂಚೆ, ಪಾರ್ಲಿಮೆಂಟಿನಲ್ಲಿ ಅದರ ವಿರುದ್ಧ ಹೋರಾಡುತ್ತಿದ್ದ ವಿಲ್ಬರ್‌ಫೋರ್ಸ್‌ಗೆ ಧೈರ್ಯ ಹೇಳಿ ಪತ್ರ ಬರೆದ. 1791ರ ಮಾರ್ಚ್ 2ರಂದು ಕಣ್ಣು ಮುಚ್ಚಿದಾಗ ಆತನಿಗೆ 87 ವರ್ಷ.

ಒಂದು ಮುಖ್ಯ ಮಾತು. ವೆಸ್ಲಿಗೆ ಬೇರೆ ಚರ್ಚು ಕಟ್ಟುವ ಮನಸ್ಸೇ ಇರಲಿಲ್ಲ. ಕೊನೆಯವರೆಗೂ ತಾನು ಆಂಗ್ಲಿಕನ್ ಪಾದ್ರಿ ಎಂದೇ ಹೇಳಿಕೊಂಡ. ಆದರೂ ಅಮೆರಿಕಕ್ಕೆ ತಾನೇ ಬೋಧಕರಿಗೆ ದೀಕ್ಷೆ ಕೊಟ್ಟು, ತನ್ನ ನಂತರ ಸಮ್ಮೇಳನ ನಡೆಸಲು ನೂರು ಜನರನ್ನು ಹೆಸರಿಸಿ 1784ರಲ್ಲಿ ಕಾನೂನುಪತ್ರ ಮಾಡಿಟ್ಟ. ಬಿರುಕು ಅಲ್ಲೇ ಇತ್ತು. ಆತ ತೀರಿ ನಾಲ್ಕು ವರ್ಷಕ್ಕೆ, 1795ರ ಮ್ಯಾಂಚೆಸ್ಟರ್ ಸಮ್ಮೇಳನದಲ್ಲಿ, ಶಿಷ್ಯರು ತಮ್ಮ ಚಾಪೆಲ್‌ಗಳಲ್ಲೇ ಪ್ರಭುಭೋಜನ ನಡೆಸಲು ದಾರಿ ಮಾಡಿಕೊಂಡು ಬೇರ್ಪಟ್ಟರು. 1803ರಲ್ಲಿ ಅದೇ ಮ್ಯಾಂಚೆಸ್ಟರಿನಲ್ಲಿ ಹೆಂಗಸರ ಬೋಧನೆಗೂ ತಡೆ ಹಾಕಿದರು. ಸಂಸ್ಥಾಪಕನ ಹೆಸರಿನಲ್ಲೇ ಸಂಸ್ಥಾಪಕ ಬಿಟ್ಟುಕೊಟ್ಟದ್ದನ್ನು ಹಿಂದಕ್ಕೆ ಪಡೆದದ್ದು ನನಗೆ ನೋವಿನ ಸಂಗತಿಯಾಗಿ ಕಾಣುತ್ತದೆ. ಮೆಥಡಿಸ್ಟ್ ಹೆಂಗಸರು ಇಲ್ಲಿ ಪೂರ್ಣ ದೀಕ್ಷೆ ಪಡೆದದ್ದು 1974ರಲ್ಲಿ.

1813ರ ಅಕ್ಟೋಬರ್ 6ರಂದು ಲೀಡ್ಸ್‌ನಲ್ಲಿ ಪರದೇಶದ ಮಿಷನ್ನಿಗಾಗಿ ಸಂಘವೊಂದನ್ನು ಸ್ಥಾಪಿಸಿದರು. ಅಲ್ಲಿಂದ ಮೊದಲಾದ ಕೆಲಸ 1820ರ ದಶಕದಲ್ಲಿ ಬೆಂಗಳೂರನ್ನು ಮುಟ್ಟಿತು. ಕನ್ನಡ ಕಲಿತ ವೆಸ್ಲಿಯನ್ ಪಾದ್ರಿಗಳು ಮುದ್ರಣಾಲಯ ತೆರೆದರು. 1840ರ ದಶಕದಲ್ಲಿ ಜಾನ್ ಗ್ಯಾರೆಟ್ ಅದೇ ಮಿಷನ್ ಪ್ರೆಸ್ಸಿನಲ್ಲಿ ಭಗವದ್ಗೀತೆಯನ್ನು ಸಂಸ್ಕೃತ, ಕನ್ನಡ, ಇಂಗ್ಲಿಷ್ ಮೂರರಲ್ಲೂ ಅಚ್ಚು ಹಾಕಿಸಿದರು. 1887ರಲ್ಲಿ ಹೆನ್ರಿ ಹೇಗ್ ಮೈಸೂರಿನಲ್ಲಿ ‘ವೃತ್ತಾಂತ ಪತ್ರಿಕೆ’ ಆರಂಭಿಸಿದರು. 1906ರಲ್ಲಿ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ ಬಂತು. ಮೈಸೂರಿನವರ ಬಾಯಲ್ಲಿ ಅದೇ ಮಿಷನ್ ಆಸ್ಪತ್ರೆ.

ಇವರು ಬಂದದ್ದು ಮತಾಂತರಕ್ಕೆ ಎಂಬುದನ್ನು ಮುಚ್ಚಿಡುವುದು ಬೇಡ, ಅವರೂ ಮುಚ್ಚಿಡಲಿಲ್ಲ. ನಮ್ಮ ದೇವರುಗಳನ್ನು ಹಳಿದದ್ದೂ ಉಂಟು. ನಮ್ಮವರಲ್ಲಿ ಬಹುಪಾಲು ಜನ ಶಾಲೆಗೆ ಹೋದರು, ಔಷಧಿ ತೆಗೆದುಕೊಂಡರು, ಪತ್ರಿಕೆ ಓದಿದರು, ಮನೆಯ ದೇವರಿಗೇ ದೀಪ ಹಚ್ಚಿದರು. ಕೆಲವರು ಆ ಮತವನ್ನು ಸ್ವೀಕರಿಸಿದರು. ಅವರ ಮಕ್ಕಳು ಮೊಮ್ಮಕ್ಕಳು ನಮ್ಮಷ್ಟೇ ಕನ್ನಡಿಗರು. ಬೆಂಗಳೂರಿನ ಹಡ್ಸನ್ ಚರ್ಚಿನಲ್ಲಿ ಆರಾಧನೆ ನಡೆಯುವುದು ಕನ್ನಡದಲ್ಲಿ.

ಈ ಕತೆಗೆ ಒಂದು ತಿರುವು ನಮ್ಮ ದಕ್ಷಿಣದಲ್ಲೇ ಇದೆ. 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಆಂಗ್ಲಿಕನ್ನರು, ಮೆಥಡಿಸ್ಟರು, ಇತರರು ಕೂಡಿ ದಕ್ಷಿಣ ಭಾರತ ಸಭೆಯಾದರು. ಮೈಸೂರಿನ ವೆಸ್ಲಿಯನ್ನರೂ ಅದರೊಳಗೆ ಸೇರಿದರು. ಇಂಗ್ಲೆಂಡಿನಲ್ಲಿ 1969ರಲ್ಲೂ 1972ರಲ್ಲೂ ಅಂಥ ಐಕ್ಯಕ್ಕೆ ಸಾಕಷ್ಟು ಮತ ಬೀಳಲಿಲ್ಲ. ಮ್ಯಾಂಚೆಸ್ಟರಿನಲ್ಲಿ ಒಡೆದದ್ದು ಇಲ್ಲಿ ಇನ್ನೂ ಕೂಡಿಲ್ಲ. ಅದು ಕೂಡಿದ್ದು ಮದರಾಸಿನಲ್ಲಿ.