ಕೆರೆಯ ರಕ್ಷಣೆಯೂ ಜನರ ಹಕ್ಕೂ



ಸೊನ್ನಲಿಗೆಯ ಸಿದ್ಧರಾಮೇಶ್ವರರು 12ನೆಯ ಶತಮಾನದಲ್ಲಿ ಕೆರೆಯನ್ನು ಕಟ್ಟಿಸಿ, ಸಕಲ ಜೀವಿಗಳಿಗೆ ನೀರನ್ನೀಯುವುದೂ ಶಿವಪೂಜೆಯೇ ಎಂಬುದನ್ನು ತೋರಿಸಿಕೊಟ್ಟರು. ಈಗಲಾದರೋ ಕೆರೆಯು ಯಾರದೆಂಬ ವಿವಾದವು ತಲೆದೋರಿದೆ. ಪಕ್ಷಿಗಳ ಹಿತೈಷಿಗಳು ಜನರನ್ನು ದೂರವಿಡಬೇಕೆನ್ನುವರು. ತಲೆತಲಾಂತರದಿಂದ ಅಲ್ಲಿ ದನ ಮೇಯಿಸಿದವರು ತಮ್ಮ ದಾರಿಯನ್ನು ಮುಚ್ಚಬಾರದೆನ್ನುವರು. ಉಭಯ ಪಕ್ಷಗಳಲ್ಲಿಯೂ ಸತ್ಯಾಂಶವುಂಟು.

ರಾಜಸ್ಥಾನದ ಭರತಪುರದಲ್ಲಿ ಕೇವಲಾದೇವವೆಂಬ ಜೌಗು ಭೂಮಿಯಿದೆ. 1938ರಲ್ಲಿ ವೈಸರಾಯ ಲಿನ್‌ಲಿತ್‌ಗೋ ಅವರ ಬೇಟೆಯ ಕೂಟವು ಅಲ್ಲಿ ಒಂದೇ ದಿನ ನಾಲ್ಕು ಸಾವಿರಕ್ಕೂ ಮಿಕ್ಕಿ ಹಕ್ಕಿಗಳನ್ನು ಕೊಂದಿತು. ಇಂತಹ ಸಂಹಾರವನ್ನು ತಡೆಯಲು ಕಟ್ಟುಪಾಡು ಅವಶ್ಯವೆಂಬುದು ನಿರ್ವಿವಾದ. ಆದರೆ 1982ರಲ್ಲಿ ಊರವರ ದನ ಎಮ್ಮೆಗಳಿಗೂ ಪ್ರವೇಶವು ನಿಷಿದ್ಧವಾಯಿತು. ಪ್ರತಿಭಟಿಸಿದ ಗ್ರಾಮಸ್ಥರಲ್ಲಿ ಕೆಲವರು ಪೋಲೀಸರ ಗುಂಡಿಗೆ ಪ್ರಾಣ ತೆತ್ತರು. ತರುವಾಯ ನಡೆದುದು ವಿಚಾರಾರ್ಹ: ಎಮ್ಮೆಗಳು ಮೇಯದಿರಲು ಜೌಗಿನ ಹುಲ್ಲು ದಟ್ಟವಾಗಿ ಬೆಳೆದು ನೀರನ್ನೇ ಮುಚ್ಚಿತು, ಅನೇಕ ನೀರಹಕ್ಕಿಗಳಿಗೆ ಅದರಿಂದ ಬಾಧೆಯಾಯಿತು. ಮುಂಬಯಿಯ ಪ್ರಕೃತಿ ಅಧ್ಯಯನ ಸಂಘದ ವಿಜ್ಞಾನಿಗಳೇ ದೀರ್ಘಕಾಲ ಪರೀಕ್ಷಿಸಿ ಇದನ್ನು ತಿಳಿಸಿದರು. ಮುಂದೆ ಹುಲ್ಲು ಕೊಯ್ಯಲು ಊರವರಿಗೆ ಅನುಮತಿ ದೊರೆಯಿತು. ಹೋದ ಜೀವಗಳು ಮರಳಲಿಲ್ಲ.

ಇನ್ನು ನಮ್ಮ ನಾಡನ್ನೇ ನೋಡೋಣ. ಗದಗ ಜಿಲ್ಲೆಯ ಶಿರಹಟ್ಟಿಯ ಸಮೀಪದ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ಹಿಮಾಲಯವನ್ನು ದಾಟಿ ಬರುವುವು. ಕೆರೆಯಲ್ಲಿ ವಿಶ್ರಮಿಸಿ, ಸುತ್ತಣ ಹೊಲಗಳಲ್ಲಿ ಮೇವನ್ನರಸುವುವು. 2024ರಲ್ಲಿ ಈ ಕೆರೆಯು ರಾಮ್ಸಾರ್ ಪಟ್ಟಿಗೆ ಸೇರಿತು. 1971ರ ಆ ಒಡಂಬಡಿಕೆಯು ಜನರನ್ನು ಹೊರದೂಡಲು ಹೇಳದೆ, ಜೌಗು ಭೂಮಿಯ ವಿವೇಕಯುತವಾದ ಬಳಕೆಯನ್ನೇ ವಿಧಿಸುತ್ತದೆ.

ಹಕ್ಕಿಯನ್ನು ನೋಡಿ ಸಂತೋಷಪಡುವವನು ಪೇಟೆಯವನು. ಅದಕ್ಕೆ ಉಣಿಸುವವನು ರೈತ. ಲೋಕಕ್ಕೆಲ್ಲ ಲಾಭವಾಗುವ ಕಾರ್ಯದ ನಷ್ಟವನ್ನು ಅವನೊಬ್ಬನ ತಲೆಗೆ ಕಟ್ಟುವುದು ಧರ್ಮವಲ್ಲ. ದಾಸೋಹವು ಮನಸಾರೆ ನಡೆಯತಕ್ಕದ್ದು. ಬಲಾತ್ಕಾರದಿಂದ ಬಡವನ ಕಣಜವನ್ನು ಬರಿದುಮಾಡಿದರೆ ಅದಕ್ಕೆ ಆ ಹೆಸರು ಸಲ್ಲದು. ಹಾಗೆಯೇ ಕೆರೆಯ ಅಂಗಳವನ್ನು ಒತ್ತುವವನೂ, ಗೂಡಿನ ಬಳಿ ಗದ್ದಲವೆಬ್ಬಿಸುವವನೂ ತನ್ನ ಹಕ್ಕಿನ ಮಾತನ್ನು ಆಡಲಾಗದು.

ಆದುದರಿಂದ ಯಾವ ಋತುವಿನಲ್ಲಿ, ಯಾವ ದಂಡೆಗೆ, ಯಾರು ಹೋಗಬಹುದೆಂಬುದನ್ನು ಶಾಸ್ತ್ರಜ್ಞರೂ ಸರಕಾರದವರೂ ಊರ ಹಿರಿಯರೊಡನೆ ಕುಳಿತು ನಿರ್ಣಯಿಸಲಿ. ಬೆಳೆಯ ಹಾನಿಯನ್ನು ಸಮಾಜವೆಲ್ಲ ಹಂಚಿಕೊಳ್ಳಲಿ. ನಿಷೇಧವು ಹೊರಡುವ ಮುನ್ನ ಈ ಮಾತುಕತೆ ನಡೆಯಬೇಕೆಂಬುದೇ ಭರತಪುರವು ಕಲಿಸುವ ಪಾಠವೆಂದು ಅರಿಕೆಮಾಡಿ ವಿರಮಿಸುವೆನು.