ವಿನಾಯಿತಿಯೂ ಖರ್ಚೇ
(ಶಿವಾಜಿನಗರದ ರಸೆಲ್ ಮಾರುಕಟ್ಟೆ ಬಳಿ ನಡೆದ ವರ್ತಕರ ಅನುಭಾವ ಗೋಷ್ಠಿಯಲ್ಲಿ ಆಡಿದ ಮಾತು)



ನಾನು ವಿದ್ವಾಂಸನಲ್ಲ. ಮೂವತ್ತು ವರ್ಷ ಈ ಸುತ್ತಿನ ಸಣ್ಣ ಅಂಗಡಿಗಳ ಲೆಕ್ಕ ಬರೆದವನು. ಆದ್ದರಿಂದ ನನ್ನದೇ ಒಂದು ತಪ್ಪು ಲೆಕ್ಕದಿಂದ ಮಾತು ಶುರು ಮಾಡುತ್ತೇನೆ.

2025ರ ಜುಲೈ ನಿಮಗೆಲ್ಲ ನೆನಪಿದೆ. ಯುಪಿಐನಲ್ಲಿ ಬಂದ ಹಣ ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತ್ತು. ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳ ಮುಂದೆ ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಚೀಟಿಗಳು ಕಾಣಿಸಿಕೊಂಡವು. ಈ ಮಾರುಕಟ್ಟೆಯ ಹಣ್ಣಿನ ಸಾಲಿನಲ್ಲಿ ನನಗೆ ಹಳೆಯ ಪರಿಚಯದವನೊಬ್ಬನಿದ್ದಾನೆ. ಅವನಿಗೆ ನೋಟಿಸ್ ಬಂದಿರಲಿಲ್ಲ. ಆದರೂ ಕ್ಯೂಆರ್ ಫಲಕ ಹಿಡಿದುಕೊಂಡು ಬಂದು, “ಏನ್ಮಾಡ್ಲಿ ಸಾರ್, ತೆಗೆದುಬಿಡ್ಲಾ?” ಎಂದ. “ಸದ್ಯಕ್ಕೆ ತೆಗೆದಿಡಪ್ಪ” ಎಂದುಬಿಟ್ಟೆ.

ಆವತ್ತು ನಾನು ಒಂದು ಗುಣಾಕಾರ ಮಾಡಬೇಕಿತ್ತು. ಅವನದು ದಿನಕ್ಕೆ ಎಂಟೊಂಬತ್ತು ಸಾವಿರದ ವ್ಯಾಪಾರ. ವರ್ಷವಿಡೀ ಬಾಗಿಲು ಹಾಕದಿದ್ದರೂ ಮೂವತ್ತೊಂದು, ಮೂವತ್ತೆರಡು ಲಕ್ಷ. ಸರಕು ಮಾರುವವರಿಗೆ ಜಿಎಸ್‌ಟಿ ನೋಂದಣಿ ಬೇಕಾಗುವುದು 40 ಲಕ್ಷ ದಾಟಿದ ಮೇಲೆ. ತಾಜಾ ಹಣ್ಣಿಗಂತೂ ತೆರಿಗೆಯೇ ಇಲ್ಲ. ಬರೀ ತಾಜಾ ಹಣ್ಣು, ತರಕಾರಿ ಮಾರುವವನಿಗೆ ನೋಂದಣಿಯೂ ಬೇಡ. ಆದರೆ ಅವನು ರಂಜಾನ್ ತಿಂಗಳಲ್ಲಿ ಖರ್ಜೂರವನ್ನೂ ಇಡುತ್ತಾನೆ. ಅದಕ್ಕೆ ತೆರಿಗೆ ಇದೆ. ಹಾಗೆ ಎರಡೂ ಮಾರಿದಾಗ 40 ಲಕ್ಷದ ಮಿತಿಗೆ ಹಣ್ಣಿನ ವಹಿವಾಟೂ ಸೇರುತ್ತದೆ, ತೆರಿಗೆ ಮಾತ್ರ ಖರ್ಜೂರದ ಮೇಲೆ. ಇದನ್ನು ಯಾರೂ ಅವನಿಗೆ ಹೇಳಿರಲಿಲ್ಲ. ಹೇಳಬೇಕಾಗಿದ್ದವನು ನಾನೇ.

ಮೂರು ತಿಂಗಳು ಬರೀ ನಗದು ನಡೆಯಿತು. ಆಮೇಲೆ ಸಾಲ ಕೇಳಲು ಹೋದರೆ, ಆ ಮೂರು ತಿಂಗಳ ವಹಿವಾಟು ಎಲ್ಲಿ ಎಂದು ಬ್ಯಾಂಕಿನವರು ಕೇಳಿದರು. ತೋರಿಸಲು ಏನೂ ಇರಲಿಲ್ಲ.

ನೋಟಿಸಿನ ಗಲಾಟೆ ಜುಲೈ 23ರಂದು ತಣ್ಣಗಾಯಿತು. ನೋಂದಣಿ ಮಾಡಿಸಿಕೊಂಡರೆ ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ ಎಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಹೇಳಿದರು. ಬಡ ವ್ಯಾಪಾರಿಗಳು ಉಸಿರು ಬಿಟ್ಟರು, ನಾನೂ ಬಿಟ್ಟೆ. ಆದರೂ ಒಂದು ಮಾತು. ಹೆದರಿಸಿ ಆಮೇಲೆ ಬಿಡುವ ವಿನಾಯಿತಿ ಬೇರೆ, ಮೊದಲೇ ಕಾನೂನಿನಲ್ಲಿ ಬರೆದಿಟ್ಟ ವಿನಾಯಿತಿ ಬೇರೆ. 2023ರಲ್ಲಿ ತಿಂಗಳಿಗೆ 25,000 ರೂಪಾಯಿಗಿಂತ ಕಡಿಮೆ ಸಂಬಳದವರನ್ನು ವೃತ್ತಿ ತೆರಿಗೆಯಿಂದ ಬಿಟ್ಟರು. ಅದಕ್ಕಾಗಿ ಯಾರೂ ಬೀದಿಗಿಳಿಯಬೇಕಾಗಲಿಲ್ಲ.

ಆಸ್ತಿ ತೆರಿಗೆಯದು ಇನ್ನೊಂದು ಕಥೆ. ಏಪ್ರಿಲ್‌ನಲ್ಲೇ ಪೂರ್ತಿ ಕಟ್ಟಿದರೆ ಶೇ 5 ರಿಯಾಯಿತಿ. 2024ರಲ್ಲಿ ಬಾಕಿದಾರರಿಗೆ ಒಂದು ಬಾರಿಯ ಇತ್ಯರ್ಥ ಅಂತ ಬಂತು. ಬಡ್ಡಿ ಮನ್ನಾ, ದಂಡ ಅರ್ಧ. ಜುಲೈ 31 ಎಂದಿದ್ದ ಗಡುವು ನವೆಂಬರ್ 30ರವರೆಗೂ ಹೋಯಿತು. ಹೊತ್ತಿಗೆ ಸರಿಯಾಗಿ ಕಟ್ಟಿದ ಹಲಸೂರಿನ ಅಜ್ಜಿಯೊಬ್ಬರು, “ನಾನೇ ಪೆದ್ದಿ ಆದೆನಲ್ಲಪ್ಪ” ಎಂದರು. ಅವರಿಗೆ ಹೇಳಲು ನನ್ನಲ್ಲಿ ಉತ್ತರವಿರಲಿಲ್ಲ.

ಇನ್ನು ಬಜೆಟ್. ಹಣಕಾಸಿನ ಹೊಣೆಗಾರಿಕೆಗೆಂದು 2002ರಲ್ಲೇ ಕಾಯ್ದೆ ಮಾಡಿದ ರಾಜ್ಯ ನಮ್ಮದು, ದೇಶದಲ್ಲೇ ಮೊದಲು. 2025–26ರ ಬಜೆಟ್ 4 ಲಕ್ಷ 9 ಸಾವಿರ ಕೋಟಿ ಮೀರಿದ್ದು. ಅದರಲ್ಲಿ ಗ್ಯಾರಂಟಿಗಳಿಗೆ 51,034 ಕೋಟಿ. ರಾಜಸ್ವ ಕೊರತೆ 19,262 ಕೋಟಿ. ಎಂದರೆ ದಿನನಿತ್ಯದ ಖರ್ಚಿಗೇ ಅಷ್ಟು ಸಾಲ ಬೇಕು. ಗ್ಯಾರಂಟಿ ಬೇಡ ಎನ್ನುವ ಪೈಕಿ ನಾನಲ್ಲ. ನಮ್ಮ ಮನೆಗೆ ಕೆಲಸಕ್ಕೆ ಬರುವ ತಾಯಿ ಕೆ.ಆರ್. ಪುರದಿಂದ ಬಸ್ಸಿನಲ್ಲಿ ದುಡ್ಡಿಲ್ಲದೆ ಬರುತ್ತಾರೆ, ಉಳಿದದ್ದು ಮಗಳ ಫೀಜಿಗೆ ಹೋಗುತ್ತದೆ. ನಾನು ಕೇಳುವುದು ಇಷ್ಟೇ: ಕೊಟ್ಟದ್ದು ಖರ್ಚಿನ ಕಾಲಂನಲ್ಲಿ ಕಾಣುತ್ತದೆ, ಬಿಟ್ಟದ್ದು ಎಲ್ಲಿ ಕಾಣಬೇಕು? ಬಿಟ್ಟ ತೆರಿಗೆಯೂ ಖರ್ಚೇ ತಾನೆ? ಎಷ್ಟು ಆದಾಯ ಕೈಬಿಟ್ಟಿತು ಎಂಬ ಪಟ್ಟಿಯನ್ನು ಕೇಂದ್ರದ ಬಜೆಟ್ ಜೊತೆ 2006ರಿಂದ ಕೊಡುತ್ತಾ ಬಂದಿದ್ದಾರೆ. ರಾಜ್ಯವಾಗಲಿ ಪಾಲಿಕೆಯಾಗಲಿ ಮನ್ನಾ ಎಂದು ಘೋಷಿಸುವ ದಿನವೇ, ಇಷ್ಟು ಬಿಡುತ್ತಿದ್ದೇವೆ, ಇದನ್ನು ಇಲ್ಲಿಂದ ತುಂಬುತ್ತೇವೆ ಎಂದು ಎರಡು ಸಾಲು ಹೇಳಲಿ.

ತೆರಿಗೆಯನ್ನು ನಾನು ದಾಸೋಹ ಎನ್ನುವುದಿಲ್ಲ. ದಾಸೋಹ ಮನಸ್ಸಿನಿಂದ ಬರುವುದು, ತೆರಿಗೆ ಕಾನೂನಿನಿಂದ. ಆದರೆ ನಾವು ಬಿಜ್ಜಳನ ಭಂಡಾರಿಯಾಗಿದ್ದವರ ಹೆಸರು ಹೇಳುವವರು. ಭಂಡಾರದ ಲೆಕ್ಕ ಕೇಳುವುದಕ್ಕೂ ನಮ್ಮ ಲೆಕ್ಕ ತೋರಿಸುವುದಕ್ಕೂ ನಾವು ಹಿಂಜರಿಯಬಾರದು. ‘ಕಟ್ಟಿದ್ದಕ್ಕೆ ನಮಗೇನು ಸಿಕ್ಕಿತು’ ಎಂದು ಇಲ್ಲಿಯವರು ಕೇಳುವುದೂ ಸುಮ್ಮನೆ ಅಲ್ಲ. 2012ರಲ್ಲಿ ಈ ಮಾರುಕಟ್ಟೆಗೆ ಬೆಂಕಿ ಬಿದ್ದಾಗ ಕೈಯಿಂದ ದುಡ್ಡು ಹಾಕಿ ಅಂಗಡಿಗಳನ್ನು ಮತ್ತೆ ನಿಲ್ಲಿಸಿದವರು ವ್ಯಾಪಾರಿಗಳೇ.

ಹಣ್ಣಿನವನು ಈಗ ಫಲಕವನ್ನು ಮತ್ತೆ ತಗುಲಿಹಾಕಿದ್ದಾನೆ. ಒಂದು ನೋಟ್‌ಬುಕ್ ಕೊಂಡು, ಹಣ್ಣಿಗೆ ಒಂದು ಕಾಲಂ, ಖರ್ಜೂರಕ್ಕೆ ಇನ್ನೊಂದು ಎಳೆದುಕೊಟ್ಟೆ. ತಮ್ಮ ಕಳಿಸುವ ದುಡ್ಡು, ಚೀಟಿ ದುಡ್ಡು ಬೇರೆ ಪುಟದಲ್ಲಿ. ಸಾಲ ಇನ್ನೂ ಬಂದಿಲ್ಲ. ಮೊನ್ನೆ ಹೋದಾಗ, “ಈ ಸಲ ಖರ್ಜೂರ ಜಾಸ್ತಿ ತರಿಸ್ಲಾ ಸಾರ್?” ಎಂದ. ಅಲ್ಲೇ ಹಣ್ಣಿನ ಬುಟ್ಟಿಗಳ ಮಧ್ಯೆ ಕೂತು ಇಬ್ಬರೂ ಗುಣಿಸಿದೆವು.