ಬೂವನಹಳ್ಳಿಯಲ್ಲೊಂದು ಪುಟ್ಟ ಕಡಲು

ಮಕ್ಕಳೇ, ಹಾಸನದ ಸುತ್ತಮುತ್ತ ಬಿದ್ದ ಮಳೆನೀರು ಹೇಮಾವತಿ ಸೇರಿ, ಕೃಷ್ಣರಾಜಸಾಗರದಲ್ಲಿ ಕಾವೇರಿಯೊಡನೆ ಕೂಡಿ, ತಮಿಳುನಾಡನ್ನೆಲ್ಲ ಹಾದು ಬಂಗಾಳ ಕೊಲ್ಲಿಗೆ ಹೋಗುತ್ತದೆ. ಪಡುವಣ ಕಡಲು ಹತ್ತಿರವೇ. ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋದರೆ ಸುಮಾರು 170 ಕಿಲೋಮೀಟರ್. ಅಲ್ಲಿಗೆ ಹೋಗದೆಯೂ ಹಾಸನದ ಬಳಿಯ ಬೂವನಹಳ್ಳಿಯ ಮನೆಯೊಂದರ ಮೂಲೆಯಲ್ಲಿ ಉಪ್ಪುನೀರಿನ ಮೀನು ಸಾಕಬಹುದು. ಅದಕ್ಕೆ ಬೇಕಾದ ಸಾಮಾನುಗಳನ್ನು ಹೇಗೆ ಆರಿಸಬೇಕು ಎಂಬುದೇ ಇವತ್ತಿನ ಮಾತು.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಬಣ್ಣಬಣ್ಣದ ಹವಳ ತುಂಬಿದ ಅಕ್ವೇರಿಯಂ ಚಿತ್ರಗಳನ್ನು ನೀವು ನೋಡಿರುತ್ತೀರಿ. ಹವಳ ಕಲ್ಲಲ್ಲ, ಗಿಡವೂ ಅಲ್ಲ. ಅದು ಸಾವಿರಾರು ಪುಟಾಣಿ ಪ್ರಾಣಿಗಳ ಗುಂಪು. ಅವುಗಳ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಚಿಕ್ಕ ಪಾಚಿ ವಾಸಿಸುತ್ತದೆ. ಬಿಸಿಲಿನಿಂದ ಅದು ತಯಾರಿಸುವ ಆಹಾರದಲ್ಲಿ ದೊಡ್ಡ ಪಾಲು ಹವಳಕ್ಕೇ ಸಿಗುತ್ತದೆ. ಕಡಲು ವಾಡಿಕೆಗಿಂತ ಹೆಚ್ಚು ಬಿಸಿಯಾದರೆ ಹವಳ ಆ ಪಾಚಿಯನ್ನು ಹೊರಹಾಕಿ ಬೆಳ್ಳಗಾಗುತ್ತದೆ, ಬಿಸಿ ಇಳಿಯದಿದ್ದರೆ ಸಾಯುತ್ತದೆ. ಲಕ್ಷದ್ವೀಪದಲ್ಲಿ 1998, 2010, 2016 ಮತ್ತು 2024ರಲ್ಲಿ ಹೀಗಾಯಿತು. ನಮ್ಮ ಕರ್ನಾಟಕದಲ್ಲೂ ಹವಳವಿದೆ. ಮುರ್ಡೇಶ್ವರದ ಆಚೆ ಕಡಲಿನಲ್ಲಿರುವ ನೇತ್ರಾಣಿ ದ್ವೀಪದ ಸುತ್ತ ಅದನ್ನು ಕಾಣಬಹುದು.

2001ರಲ್ಲಿ ನಮ್ಮ ದೇಶ ದಿಬ್ಬ ಕಟ್ಟುವ ಹವಳಗಳನ್ನು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಪಟ್ಟಿಗೆ ಸೇರಿಸಿತು. ಹುಲಿ ಇರುವುದೂ ಅದೇ ಪಟ್ಟಿಯಲ್ಲೇ. ಕಡಲಿನಿಂದ ಹವಳ ಕೀಳುವುದು, ಮಾರುವುದು, ಕೊಳ್ಳುವುದು ಎಲ್ಲವೂ ಅಪರಾಧ. ಸತ್ತ ಹವಳದ ಬಿಳಿ ಕಲ್ಲಿಗೂ ಇದೇ ಮಾತು. ಕಡಲ್ಗುದುರೆಯನ್ನೂ ಅದೇ ವರ್ಷ ಸೇರಿಸಿದರು. ಹಾಗಾಗಿ ನಮ್ಮ ತೊಟ್ಟಿಯಲ್ಲಿ ಹವಳ ಇರುವುದಿಲ್ಲ. ಮೀನು, ಮನುಷ್ಯರು ಮಾಡಿದ ರಂಧ್ರಗಳ ಕಲ್ಲು, ಉಪ್ಪುನೀರು ಇಷ್ಟೇ. ಇದರಿಂದ ಒಂದು ಅನುಕೂಲವೂ ಆಯಿತು: ಹವಳಕ್ಕೆ ಬೇಕಾಗುವ ದುಬಾರಿ ದೀಪ ನಮಗೆ ಬೇಕಿಲ್ಲ. ದಿನಕ್ಕೆ ಎಂಟು ಗಂಟೆ ಉರಿಯುವ ಸಾಧಾರಣ ಬಿಳಿ ಎಲ್‌ಇಡಿ ಸಾಕು.

ಈಗ ತೊಟ್ಟಿ. ಚಿಕ್ಕದಾದಷ್ಟೂ ಸುಲಭ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಆದರೆ ನೀರು ಕಡಿಮೆಯಿದ್ದಷ್ಟೂ ಅದು ಬೇಗ ಬಿಸಿಯಾಗುತ್ತದೆ, ಬೇಗ ತಣ್ಣಗಾಗುತ್ತದೆ, ಬೇಗ ಕೆಡುತ್ತದೆ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಗಾಜಿನ ತೊಟ್ಟಿಗಿಂತ ಚಿಕ್ಕದು ಬೇಡ. ಅಂಚಿನವರೆಗೆ ತುಂಬದೆ ಬಿಟ್ಟರೆ ಅದರಲ್ಲಿ ಸುಮಾರು 50 ಲೀಟರ್ ನೀರು ನಿಲ್ಲುತ್ತದೆ. ನೀರೊಂದೇ ಒಂದು ಮೂಟೆ ಸಿಮೆಂಟಿನಷ್ಟು ತೂಗುತ್ತದೆ, ಗಾಜು ಮತ್ತು ಕಲ್ಲಿನ ತೂಕ ಬೇರೆ. ಟಿವಿ ಇಡುವ ತೆಳು ಹಲಗೆಯ ಮೇಲೆ ಇಡಬೇಡಿ. ಗಟ್ಟಿ ಕಬ್ಬಿಣದ ಸ್ಟ್ಯಾಂಡ್ ಮಾಡಿಸಿ, ಗಾರೆ ಕೆಲಸದವರ ಹತ್ತಿರ ಇರುವ ರಸಮಟ್ಟ ಇಟ್ಟು ನೋಡಿ. ಒಂದು ಕಡೆ ವಾಲಿದರೆ ಗಾಜಿನ ಅಂಟಿನ ಮೇಲೆ ಭಾರ ಬೀಳುತ್ತದೆ.

ನೀರಿಗೆ ಏನು ಮಾಡುವುದು? ಬೋರ್‌ವೆಲ್ ನೀರಿನಲ್ಲಿ ಸುಣ್ಣದಂಥ ಲವಣಗಳು ಮೊದಲೇ ಕರಗಿರುತ್ತವೆ. ನಲ್ಲಿ ನೀರಿಗೆ ಕ್ಲೋರಿನ್ ಹಾಕಿರುತ್ತಾರೆ. ಹಳ್ಳಿಗಳಲ್ಲಿರುವ ಶುದ್ಧ ಕುಡಿಯುವ ನೀರಿನ ಘಟಕದ ಆರ್‌ಒ ನೀರು ಇದಕ್ಕೆ ಒಳ್ಳೆಯದು. 20 ಲೀಟರಿನ ಎರಡೂವರೆ ಕ್ಯಾನ್ ಆದರೆ ತೊಟ್ಟಿ ತುಂಬಿತು. ತರುವಾಗ ತಾಮ್ರದ ಕೊಡ, ಹಿತ್ತಾಳೆ ಬಿಂದಿಗೆ ಬಳಸಬೇಡಿ. ನೀರಿಗೆ ಇಳಿಯುವ ತಾಮ್ರ ತೀರಾ ಸ್ವಲ್ಪವಾದರೂ ಕಡಲಿನ ಸೀಗಡಿ, ಬಸವನಹುಳುಗಳನ್ನು ಕೊಲ್ಲುತ್ತದೆ. ಸೋಪು ಮುಟ್ಟಿಸದ ಪ್ಲಾಸ್ಟಿಕ್ ಬಕೆಟ್ಟೇ ಸರಿ.

ಆ ನೀರಿಗೆ ಅಡುಗೆಮನೆಯ ಉಪ್ಪು ಹಾಕಿದರೆ ಕಡಲಾಗುವುದಿಲ್ಲ. ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಲವಣವಿರುತ್ತದೆ. ಅದರಲ್ಲಿ ಸುಮಾರು 30 ಗ್ರಾಂ ಮಾತ್ರ ಅಡುಗೆ ಉಪ್ಪಿನಲ್ಲಿರುವ ಸೋಡಿಯಂ ಮತ್ತು ಕ್ಲೋರೈಡ್. ಉಳಿದದ್ದು ಸಲ್ಫೇಟ್, ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ ಮುಂತಾದವು. ಕಡಲಿನ ಜೀವಗಳಿಗೆ ಇವೆಲ್ಲವೂ ಬೇಕು. ಅದಕ್ಕೇ ಅಂಗಡಿಯಲ್ಲಿ ಸಿಗುವ ಸಮುದ್ರದ ಉಪ್ಪಿನ ಮಿಶ್ರಣ ಕೊಳ್ಳಬೇಕು. 50 ಲೀಟರಿಗೆ ಒಂದೂ ಮುಕ್ಕಾಲು ಕಿಲೋ ಹಿಡಿಯುತ್ತದೆ. ಬಕೆಟ್‌ನಲ್ಲಿ ಮೊದಲು ನೀರು, ಆಮೇಲೆ ಸ್ವಲ್ಪ ಸ್ವಲ್ಪವಾಗಿ ಉಪ್ಪು. ಪಂಪು ಹಾಕಿ ಒಂದು ರಾತ್ರಿ ತಿರುಗಲು ಬಿಡಿ. ಮೀನಿರುವ ತೊಟ್ಟಿಗೆ ನೇರವಾಗಿ ಉಪ್ಪು ಸುರಿಯುವುದು ಮಾತ್ರ ಬೇಡವೇ ಬೇಡ.

ಉಪ್ಪು ಸರಿಯಾಗಿದೆಯೋ ಇಲ್ಲವೋ ಎಂದು ನಾಲಿಗೆಗೆ ತಿಳಿಯುವುದಿಲ್ಲ. ಇಲ್ಲಿ ನನಗೆ ಬಹಳ ಇಷ್ಟವಾದ ಸಾಮಾನು ಬರುತ್ತದೆ: ರಿಫ್ರ್ಯಾಕ್ಟೋಮೀಟರ್. ಗೇಣುದ್ದದ ಕೊಳವೆ, ಒಂದು ತುದಿಯಲ್ಲಿ ಇಳಿಜಾರಾದ ಗಾಜು, ಅದರ ಮೇಲೊಂದು ಮುಚ್ಚಳ. ಗಾಜಿನ ಮೇಲೆ ತೊಟ್ಟಿಯ ನೀರು ಎರಡು ಹನಿ ಬಿಟ್ಟು, ಗಾಳಿಗುಳ್ಳೆ ಇಲ್ಲದಂತೆ ಮುಚ್ಚಿ, ಬೆಳಕಿನ ಕಡೆ ಹಿಡಿದು ಇನ್ನೊಂದು ತುದಿಯಲ್ಲಿ ಕಣ್ಣಿಟ್ಟು ನೋಡಿ. ಸೂರ್ಯನ ಕಡೆ ಮಾತ್ರ ನೇರವಾಗಿ ಹಿಡಿಯಬೇಡಿ. ಒಳಗೆ ಮೇಲರ್ಧ ನೀಲಿ, ಕೆಳಗೆ ಬಿಳಿ, ನಡುವೆ ಗೀಟು ಎಳೆದಂಥ ಗಡಿ. ಆ ಗಡಿ 35ರ ಮೇಲೆ ನಿಂತಿದ್ದರೆ ನೀರು ಕಡಲಿನಷ್ಟೇ ಉಪ್ಪಾಗಿದೆ. ನೀರಿನಲ್ಲಿ ಉಪ್ಪು ಹೆಚ್ಚಾದಷ್ಟೂ ಬೆಳಕು ಹೆಚ್ಚು ಬಾಗುತ್ತದೆ, ಗಡಿ ಜರುಗುತ್ತದೆ. ಭಟ್ಟಿ ಇಳಿಸಿದ ನೀರು ಹಾಕಿದಾಗ ಅದು ಸೊನ್ನೆ ತೋರಿಸಬೇಕು, ಇಲ್ಲದಿದ್ದರೆ ತಿರುಪು ತಿರುಗಿಸಿ ಸರಿಮಾಡಬೇಕು. ದುಡ್ಡು ಎಲ್ಲಿ ಉಳಿಸಿದರೂ ಇದರಲ್ಲಿ ಉಳಿಸಬೇಡಿ ಎಂದು ಮನೆಯ ದೊಡ್ಡವರಿಗೆ ಹೇಳಿ.

ಇದು ಯಾಕೆ ಮುಖ್ಯ ಎಂದು ತಿಳಿಯಲು ಒಂದು ಪ್ರಯೋಗ ಮಾಡಿ. ಸ್ಟೀಲ್ ತಟ್ಟೆಯಲ್ಲಿ ಸ್ವಲ್ಪ ಉಪ್ಪುನೀರು ಹಾಕಿ ಬಿಸಿಲಿಗಿಡಿ. ಸಂಜೆಗೆ ನೀರು ಹೋಗಿ ಅಂಚಿನಲ್ಲಿ ಬಿಳಿಯ ಉಪ್ಪು ಕೂತಿರುತ್ತದೆ. ತೊಟ್ಟಿಯಲ್ಲೂ ಹಗಲೂ ರಾತ್ರಿ ಇದೇ ನಡೆಯುತ್ತದೆ. 50 ಲೀಟರಿನಲ್ಲಿ 5 ಲೀಟರ್ ಆವಿಯಾದರೆ 35 ಇದ್ದ ಉಪ್ಪು ಸುಮಾರು 39ಕ್ಕೆ ಏರುತ್ತದೆ. ಅದಕ್ಕೇ ಗಾಜಿನ ಮೇಲೆ ಒಂದು ಗೆರೆ ಎಳೆದಿಟ್ಟು, ಪ್ರತಿದಿನ ಆ ಗೆರೆಯವರೆಗೆ ಸಿಹಿನೀರು ತುಂಬಬೇಕು, ಉಪ್ಪುನೀರನ್ನಲ್ಲ. ಕಡಲಿಗೆ ಈ ಸಿಹಿನೀರನ್ನು ಮಳೆ, ಹೊಳೆಗಳು ತಂದು ಕೊಡುತ್ತವೆ. ತೊಟ್ಟಿಗೆ ನೀವೇ ಕೊಡಬೇಕು.

ಹಾಸನದ ಹವೆಗೆ ಹೀಟರ್ ಬೇಕು. ನಮ್ಮೂರು ಕಡಲಿಗಿಂತ ಸುಮಾರು 950 ಮೀಟರ್ ಎತ್ತರದಲ್ಲಿದೆ, ಡಿಸೆಂಬರ್-ಜನವರಿಯ ರಾತ್ರಿಗಳು ಚಳಿ. ಹವಳದ ದಿಬ್ಬದ ಮೀನುಗಳಿಗೆ 25-26 ಡಿಗ್ರಿ ಹಿತ. 50 ವ್ಯಾಟಿನಿಂದ 100 ವ್ಯಾಟಿನೊಳಗಿನ ಹೀಟರ್, ಜೊತೆಗೆ ಬೇರೆಯೇ ಒಂದು ಥರ್ಮಾಮೀಟರ್ ಸಾಕು. ನೀರು ತಂಪು ಮಾಡುವ ಚಿಲ್ಲರ್ ನಮಗೆ ಅನಗತ್ಯ. ಏಪ್ರಿಲ್ ಬಿಸಿಲಿನಲ್ಲಿ ನೀರಿನ ಮೇಲೆ ಸಣ್ಣ ಫ್ಯಾನ್ ಬೀಸಿದರೆ ಒಂದೆರಡು ಡಿಗ್ರಿ ಇಳಿಯುತ್ತದೆ.

ನೀರು ಆಡಲು ಸಣ್ಣ ಪಂಪು ಬೇಕು. ಉಪ್ಪುನೀರು ಸಿಹಿನೀರಿಗಿಂತ ಐದನೇ ಒಂದು ಭಾಗದಷ್ಟು ಕಡಿಮೆ ಆಮ್ಲಜನಕ ಹಿಡಿದಿಡುತ್ತದೆ, ಹಾಗಾಗಿ ಕರೆಂಟ್ ಹೋದರೆ ಮೀನು ಬೇಗ ಕಂಗೆಡುತ್ತದೆ. ಬ್ಯಾಟರಿಯ ಮೇಲೆ ನಡೆಯುವ ಏರ್ ಪಂಪು ಕೈಗೆ ಸಿಗುವಂತೆ ಇಟ್ಟಿರಿ. ಎಲ್ಲ ವೈರುಗಳೂ ಪ್ಲಗ್ಗಿಗಿಂತ ಕೆಳಗೆ ಜೋತು ಬಿದ್ದಿರಲಿ, ಆಗ ವೈರಿನ ಮೇಲೆ ಇಳಿದ ಹನಿ ಪ್ಲಗ್ಗಿಗೆ ಹೋಗದೆ ನೆಲಕ್ಕೆ ಬೀಳುತ್ತದೆ. ಪ್ಲಗ್ ಹಾಕುವುದು, ತೆಗೆಯುವುದು ದೊಡ್ಡವರ ಕೆಲಸ.

ನೊರೆ ಎಬ್ಬಿಸಿ ಕೊಳೆ ತೆಗೆಯುವ ಪ್ರೋಟೀನ್ ಸ್ಕಿಮ್ಮರ್ ಒಳ್ಳೆಯ ಯಂತ್ರವೇ. ಆದರೆ ಇಷ್ಟು ಸಣ್ಣ ತೊಟ್ಟಿಗೆ, ವಾರಕ್ಕೊಮ್ಮೆ ಐದಾರು ಲೀಟರ್ ನೀರು ಬದಲಿಸುವವರಿಗೆ ಅದು ಬೇಡ. ಸ್ಪಂಜಿನ ಫಿಲ್ಟರ್ ಮತ್ತು ರಂಧ್ರಗಳಿರುವ ಸೆರಾಮಿಕ್ ಕಲ್ಲು ಸಾಕು. ಯಾಕೆಂದರೆ ನಿಜವಾದ ಕೆಲಸಗಾರರು ಆ ರಂಧ್ರಗಳಲ್ಲೇ ಇರುತ್ತಾರೆ. ಮೀನಿನ ಮೈಯಿಂದ ಅಮೋನಿಯಾ ಹೊರಬರುತ್ತದೆ, ಅದು ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆ ನೈಟ್ರೈಟನ್ನು ಅಷ್ಟು ಕೆಡುಕಲ್ಲದ ನೈಟ್ರೇಟ್ ಮಾಡುತ್ತದೆ. ನಿಮ್ಮ ಆಲೂಗೆಡ್ಡೆ ಹೊಲಕ್ಕೆ ಅಪ್ಪ ಯೂರಿಯಾ ಹಾಕಿದಾಗ ಮಣ್ಣಿನೊಳಗೂ ಇಂಥ ಬ್ಯಾಕ್ಟೀರಿಯಾಗಳೇ ಅದನ್ನು ಗಿಡಕ್ಕೆ ಒಗ್ಗುವ ನೈಟ್ರೇಟ್ ಮಾಡಿಕೊಡುತ್ತವೆ. ತೊಟ್ಟಿಯಲ್ಲಿ ಇವು ಬೆಳೆದು ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಅಲ್ಲಿಯವರೆಗೆ ಒಂದು ಚಿಟಿಕೆ ಮೀನಿನ ಆಹಾರ ಹಾಕುತ್ತಾ, ಅಮೋನಿಯಾ ಮತ್ತು ನೈಟ್ರೈಟ್ ಅಳೆಯುವ ಕಿಟ್‌ನಿಂದ ಪರೀಕ್ಷಿಸುತ್ತಾ ಇರಿ. ಎರಡೂ ಏರಿ, ಮತ್ತೆ ಸೊನ್ನೆಗೆ ಇಳಿದ ಮೇಲೆಯೇ ಮೀನು.

ಯಾವ ಮೀನು? ಕಿತ್ತಳೆ ಮೈಗೆ ಬಿಳಿ ಪಟ್ಟೆಯ ಕ್ಲೌನ್ ಮೀನು ಒಂದು ಜೋಡಿ. ಇವು ಹುಟ್ಟುವಾಗ ಎಲ್ಲವೂ ಗಂಡೇ. ಗುಂಪಿನಲ್ಲಿ ಎಲ್ಲಕ್ಕಿಂತ ದೊಡ್ಡದು ಹೆಣ್ಣಾಗುತ್ತದೆ, ಮೊಟ್ಟೆ ಕಾಯುವುದು ಹೆಚ್ಚಾಗಿ ಗಂಡು. ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಇವುಗಳನ್ನು ಹ್ಯಾಚರಿಯಲ್ಲೇ ಮರಿ ಮಾಡಿಸುವ ವಿಧಾನ ಕಂಡುಕೊಂಡಿದ್ದಾರೆ. ಆದ್ದರಿಂದ ಅಂಗಡಿಗೆ ಹೋದಾಗ, ಇದು ಹ್ಯಾಚರಿಯಲ್ಲಿ ಹುಟ್ಟಿದ್ದೋ ಕಡಲಿನಿಂದ ಹಿಡಿದು ತಂದದ್ದೋ ಎಂದು ಕೇಳಿ. ಸರಿಯಾದ ಉತ್ತರ ಸಿಗದಿದ್ದರೆ ಬರಿಗೈಲಿ ವಾಪಸ್ ಬನ್ನಿ. ಆಗಾಗ ಚಿಟಿಕೆ ಆಹಾರ ಹಾಕುತ್ತಿದ್ದರೆ, ಮೀನಿಲ್ಲದ ತೊಟ್ಟಿ ಇನ್ನೊಂದು ತಿಂಗಳು ಕಾದರೂ ಏನೂ ಕೆಡುವುದಿಲ್ಲ.